ಏಳನೇ ಕಲಂ

ಏಳನೇ ಕಲಮಿಗೆ ಬಂದು ಪೆನ್ನು ನಿಂತಿತು.

ಒಂದರಿಂದ ಆರು ಸಲೀಸು:
ಆರ್ಮ್‌ಸ್ಟ್ರಾಂಗ್ ಸಿಡ್ಲಿ, ಸಫೈರ್. ಐವತ್ತನಾಲ್ಕರ ಮಾಡೆಲ್ಲು.
ಆರು ಸಿಲಿಂಡರು. ಬಣ್ಣ ಕಪ್ಪು. ಕಪ್ಪೇ ಅನ್ನಬೇಕು,
ಸೈನೈಡ್ ಗುಡ್ಡದ ಧೂಳು ಕೂತು ಹಳೇ ಕೊಡೆಯ ಹಾಗಾಗಿದೆ.
ಮಾಲೀಕರು: ಫಿಲೋಮಿನಾ ದೊರೈರಾಜ್,
ನಿವೃತ್ತ ಲೆಕ್ಕದ ಟೀಚರು, ಊರಿಗಾಂ, ಕೆಜಿಎಫ್.
ಕೊಂಡದ್ದು ಅವರಪ್ಪ, ಗಣಿಯ ಟೈಮ್ ಆಫೀಸಿನ ಗುಮಾಸ್ತ,
ದೊರೆ ಸೀಮೆಗೆ ಹೊರಟ ವರ್ಷ, ಹರಾಜಿನಲ್ಲಿ,
ಒಂದು ಪಿಯಾನೋ ಜೊತೆ.
ಪಿಯಾನೋ ಗೆದ್ದಲು ತಿಂದಿತು.

ಏಳು: ಬಿಡಿಭಾಗಗಳ ಲಭ್ಯತೆ.

ನಾನು ಕೋಲಾರದಿಂದ ಬಂದ ಸರ್ವೇಯರು.
ದಿನಕ್ಕೆ ಮೂರು ಟ್ರ್ಯಾಕ್ಟರು, ಟೊಮೆಟೊ ಸಮೇತ ಮಗುಚಿದ ಒಂದು ಲಾರಿ,
ಬೆಲೆ ಕಟ್ಟುವುದೇ ಹೊಟ್ಟೆಪಾಡು.
ವರ್ಷಕ್ಕೆ ಇಷ್ಟೆಂದು ಸವಕಳಿ ಕಳೆದು, ಉಳಿದದ್ದು ಬೆಲೆ.
ಇದಕ್ಕೂ ಹಾಗೇ ಕಳೆಯುತ್ತ ಹೋದರೆ
ಎಪ್ಪತ್ತೊಂದರಲ್ಲೇ ಸೊನ್ನೆ ದಾಟಿ
ಟೀಚರೇ ಕಂಪನಿಗೆ ಬಾಕಿ ಕಟ್ಟಬೇಕು.

ಮದ್ರಾಸಿನ ದಲ್ಲಾಳಿಯೊಬ್ಬ ಬಂದು ಹೋಗಿದ್ದಾನೆ.
ಬಾನೆಟ್ಟಿನ ಮೇಲೆ ಕೂತ ಸ್ಫಿಂಕ್ಸ್,
ಅದೊಂದಕ್ಕೇ ನಲವತ್ತು ಸಾವಿರ ಅಂದನಂತೆ.
ಹೆಡ್‌ಲೈಟಿನ ಗಾಜಿಗೆ ಬೇರೆ, ಗಡಿಯಾರಕ್ಕೆ ಬೇರೆ,
ಮರದ ಡ್ಯಾಷ್‌ಬೋರ್ಡಿಗೆ, ಗೇರ್‌ಬಾಕ್ಸಿಗೆ ಬೇರೆ ಬೇರೆ.
ಕೂಡಿದರೆ ಹದಿನಾಲ್ಕು ಲಕ್ಷ.
ಇಡೀ ಗಾಡಿಗೆ? ಎಂಟು.
ಟೀಚರು ಗಾಳಿಯಲ್ಲೇ ಬೋರ್ಡಿನ ಮೇಲೆ ಬರೆದ ಹಾಗೆ ಬೆರಳಾಡಿಸಿ
“ಭಾಗಗಳ ಮೊತ್ತ ಪೂರ್ಣಕ್ಕಿಂತ ದೊಡ್ಡದು,
ಯಾವ ಪುಸ್ತಕದಲ್ಲಿದೆ ಹೇಳಿ?” ಎಂದರು.
ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುತ್ತಾರೆ.
ಈ ಆನೆ ಸತ್ತರೆ ಆರು ಲಕ್ಷ ಜಾಸ್ತಿ.

ಆ ಎಂಟಕ್ಕೂ ಕತ್ತರಿ.
ಟಾರ್ಚು ಹಿಡಿದು ಗಾಡಿಯಡಿ ತೂರಿದವನು
“ಒರಿಜಿನಲ್ ಅಲ್ಲ” ಅನ್ನುತ್ತಲೇ ಹೊರಬಂದನಂತೆ.
ವಾಟರ್ ಪಂಪಿನ ಶಾಫ್ಟು, ಎಡಗಡೆ ಕಿಂಗ್‌ಪಿನ್ನು,
ಬ್ರೇಕಿನ ನಾಲ್ಕು ಪಿಸ್ಟನ್ನು,
ಒಂದೊಂದಕ್ಕೂ ಹದಿನೈದು ಸಾವಿರ ಕಡಿತ.

ಅವನ್ನು ಮಾಡಿದ ಕೈ ಅಲ್ಲೇ ನಿಂತಿತ್ತು
ಬನಿಯನ್ನಿಗೆ ಒರೆಸಿಕೊಳ್ಳುತ್ತ.
ಯೇಸುಪಾದಂ. ಚಾಂಪಿಯನ್ ರೀಫಿನ ವರ್ಕ್‌ಶಾಪಿನಲ್ಲಿ
ಮೂವತ್ತು ವರ್ಷ ಟರ್ನರು. ಗಣಿ ಮುಚ್ಚಿದ ದಿನ
ಸೈರನ್ನು ಕೂಗಿತೋ ಇಲ್ಲವೋ ಆತನಿಗೆ ನೆನಪಿಲ್ಲ,
ಲೇತಿನ ಮೇಲೆ ಅರ್ಧ ಕಡೆದು ಬಿಟ್ಟುಬಂದ ಬುಷ್ಷಿನ ಅಳತೆ ನೆನಪಿದೆ.

“ಸೀಮೆಗೆ ಕಾಗದ ಬರೆದ್ವಿ ಸಾರ್, ಮೂರು ಸಲ.
ಅವರು ಕಾರು ಮಾಡೋದು ಬಿಟ್ಟು ಅರವತ್ತು ವರ್ಷ ಆಯ್ತಂತೆ.
ನಮ್ದು ಅದಕ್ಕಿಂತ ಲೇಟಾಗಿ ಮುಚ್ಚಿದ್ದು.” ನಕ್ಕ.
“ಈ ಪಂಪು ಶಾಫ್ಟು ಗಣಿಯ ಕೇಜಿಂದು.
ಅಷ್ಟು ಜನರನ್ನ ಇಳಿಸಿ, ಹತ್ತಿಸಿದ ಉಕ್ಕು,
ನೀರು ತಿರುಗಿಸೋದು ಅದಕ್ಕೊಂದು ಕೆಲಸಾನಾ?”

ಒಂದು ಸುತ್ತು ಹೋಗಿಬರೋಣ ಎಂದರು ಟೀಚರು.
ಈ ಗಾಡಿಯಲ್ಲಿ ಗೇರು ಮೊದಲೇ ಆರಿಸಿಡಬೇಕು,
ಬೀಳುವುದು ಆಮೇಲೆ, ಕಾಲು ಒತ್ತಿದಾಗ.
ಫೈವ್ ಲೈಟ್ಸ್ ತಿರುವಿಗೆ ಇನ್ನೂ ದೂರವಿರುವಾಗಲೇ
ಎರಡಕ್ಕೆ ತಳ್ಳಿಟ್ಟು, ಏನೂ ಮಾಡದವರ ಹಾಗೆ
ತಂಗಿಯ ಮಂಡಿನೋವಿನ ಕಥೆ ಹೇಳುತ್ತಿದ್ದರು.
ತಿರುವಿನಲ್ಲಿ ಪಾದ ಒತ್ತಿದರು.
ಎಂದೋ ಕೊಟ್ಟ ಮಾತೊಂದು ಒಳಗೆಲ್ಲೋ
ಟಕ್ಕನೆ ಕೂತಿತು.

ಹಿಂದಿನ ಸೀಟಿನಲ್ಲಿ ಯೇಸುಪಾದಂ ಕಣ್ಣುಮುಚ್ಚಿ
ಎಡಗಡೆ ಕಿಂಗ್‌ಪಿನ್ನಿಗೆ ಮಾತ್ರ ಕಿವಿಗೊಟ್ಟಿದ್ದ.
“ಗ್ರೀಸು ಬೇಕು” ಅಂದ, ಯಾರಿಗೂ ಅಲ್ಲ.

‘ಇಲ್ಲ’ ಎಂದು ಬರೆದರೆ ಬೆಲೆ ಬೀಳುತ್ತದೆ.
‘ಇದೆ’ ಎಂದರೆ ವಿಳಾಸ ಕೇಳುತ್ತಾರೆ.
ಬರೆದೆ: ತಗಡಿನ ಶೆಡ್ಡು, ನೀರಿನ ಟ್ಯಾಂಕಿನ ಹಿಂದೆ,
ಮಾರಿಕುಪ್ಪಂ ರಸ್ತೆ. ಬೆಳಿಗ್ಗೆ ಹತ್ತರ ಮೇಲೆ, ಕರೆಂಟಿದ್ದರೆ.
ಆತನಿಗೆ ಎಪ್ಪತ್ತಮೂರು ಎಂಬುದಕ್ಕೆ
ಫಾರಮಿನಲ್ಲಿ ಕಲಮಿಲ್ಲ.

ಎಂಟನೆಯದು ಮಾರುಕಟ್ಟೆ ಮೌಲ್ಯ.
ಅದನ್ನಿನ್ನೂ ಬರೆದಿಲ್ಲ.
ಕಂಪನಿಯಿಂದ ಎರಡು ಸಲ ಫೋನು ಬಂತು.